ನೆತ್ತಿಗೆ ಹತ್ತಿದರೆ ಯಾರೋ ನೆನೆಸಿಕೊಂಡರು ಅಂತಲ್ಲ

ಮಾನ್ಯ ಸಂಪಾದಕರೇ,

ಸಂಕ್ರಾಂತಿ ಮುಗಿದ ವಾರ ನಮ್ಮ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ತೊದಲಿತು. ಒಂಬತ್ತನೇ ದಿನ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಚೀಟಿಯಲ್ಲಿ ಬಿ.ಪಿ. ಮಾತ್ರೆ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ, ಫಿಸಿಯೋಥೆರಪಿ ಎಲ್ಲ ಇತ್ತು. ಊಟಕ್ಕೇನು ಕೊಡಲಿ ಎಂದು ಕೇಳಿದೆ. ‘ಮೆತ್ತಗಿರೋದು ಕೊಡಿ, ಉಪ್ಪು ಕಡಿಮೆ ಮಾಡಿ’ ಅಂದರು. ಅಷ್ಟೇ.

ಮನೆಗೆ ಬಂದವರೇ ಕಾಫಿಗೆ ಸನ್ನೆ ಮಾಡಿದರು. ಲೋಟ ಹಿಡಿದು ಕುಡಿಸಿದೆ. ಎರಡನೇ ಗುಟುಕಿಗೇ ಕೆಮ್ಮು. ನೆತ್ತಿ ತಟ್ಟಿ, ‘ಯಾರೋ ನೆನೆಸಿಕೊಳ್ತಿದ್ದಾರೆ, ಮಗಳೇ ಇರಬೇಕು’ ಅಂದೆ. ನಾಲ್ಕು ದಿನ ಮಗಳು ಹೀಗೆ ನೆನೆಸಿಕೊಳ್ಳುತ್ತಲೇ ಇದ್ದಳು! ಐದನೇ ದಿನ ಮೈ ಸುಡುವ ಜ್ವರ, ಗೊರಗೊರ ಉಸಿರು. ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು.

ಎರಡನೇ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಬಂದಳು, ಸ್ಪೀಚ್ ಥೆರಪಿಸ್ಟ್ ಅಂತೆ. ಮಾತು ಕಲಿಸಲು ಬಂದಿದ್ದಾಳೆ ಅಂದುಕೊಂಡೆ. ನುಂಗುವುದನ್ನು ಪರೀಕ್ಷಿಸುವುದೂ ಅವಳ ಕೆಲಸವೇ ಅಂತೆ. ಅವಳು ಇವರ ಗಂಟಲ ಮೇಲೆ ಬೆರಳಿಟ್ಟು, ಚಮಚದಲ್ಲಿ ನೀರು ಕೊಟ್ಟು, ‘ಆ ಅನ್ನಿ ತಾತ’ ಅಂದಳು. ದನಿ ಗಂಟಲಲ್ಲಿ ನೀರು ನಿಂತ ಹಾಗೆ ಬಂತು. ‘ನೀರೇ ಇವರಿಗೆ ಜಾಸ್ತಿ ಅಪಾಯ ಅಮ್ಮ’ ಅಂದಳು. ನಾನು ಪೂರ್ತಿ ಉಲ್ಟಾ ತಿಳಿದಿದ್ದೆ. ನೀರು, ಎಳನೀರು, ಮಜ್ಜಿಗೆ ಸಲೀಸು, ಮುದ್ದೆಯೇ ಕಷ್ಟ ಅಂತ. ತೆಳ್ಳಗಿದ್ದದ್ದು ಉಸಿರಿನ ಕೊಳವೆಯ ಬಾಯಿ ಮುಚ್ಚಿಕೊಳ್ಳುವ ಮೊದಲೇ ಜಾರಿ ಅದರೊಳಗೆ ನುಗ್ಗುತ್ತದಂತೆ. ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಎಂಬ ದ್ರವ ಕುಡಿಸಿ ಎಕ್ಸ್‌ರೇ ವಿಡಿಯೋ ತೆಗೆದಾಗ ಅದನ್ನು ಕಣ್ಣಾರೆ ಕಂಡೆ. ಒಂದು ಸಲವಂತೂ ತಪ್ಪು ದಾರಿಯಲ್ಲಿ ಇಳಿಯಿತು, ಇವರು ಕೆಮ್ಮಲೂ ಇಲ್ಲ. ನನಗೆ ಎದೆ ಝಲ್ಲೆಂದದ್ದು ಆಗಲೇ.

ಮೂರು ವಾರ ಮೂಗಿನ ನಳಿಕೆಯಲ್ಲೇ ಊಟ. ಆಮೇಲೆ ಗಟ್ಟಿ ರಾಗಿ ಗಂಜಿ, ನುಣ್ಣಗೆ ಅರೆದ ಪೊಂಗಲ್. ಅನ್ನ ಸಾರು ಬೇಡ ಅಂದರು. ಸಾರು ಮುಂದೆ ಓಡುತ್ತದೆ, ಅನ್ನ ಹಿಂದೆ ಉಳಿಯುತ್ತದೆ. ನೆಟ್ಟಗೆ ಕೂರಿಸಿಯೇ ತಿನ್ನಿಸಬೇಕು, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಬಾಯಿ ಚೊಕ್ಕಟವಾಗಿರಬೇಕು, ಇಲ್ಲದಿದ್ದರೆ ಎಂಜಲ ಜೊತೆ ಬಾಯಿಯ ಕ್ರಿಮಿ ಶ್ವಾಸಕೋಶ ಸೇರುತ್ತದೆ. ಇವರಿಗೆ ಗದ್ದ ಎದೆಗೆ ತಾಗಿಸಿ ನುಂಗುವುದನ್ನು ಕಲಿಸಿದರು. ಇದು ಎಲ್ಲರಿಗೂ ಹೊಂದುವುದಿಲ್ಲ, ಪರೀಕ್ಷೆ ಮಾಡಿಯೇ ಹೇಳುವುದು. ಯಾರೂ ಸುಮ್ನೆ ನನ್ನ ಪತ್ರ ನೋಡಿ ಮಾಡಬೇಡಿ. ಈಗ ಇವರು ಗಟ್ಟಿ ಮಾಡುವ ಪುಡಿ ಹಾಕಿದ ಕಾಫಿ ಕುಡಿದು ‘ಇದೇನು ಕಾಫಿನಾ, ರಾಗಿ ಸರಿನಾ?’ ಎಂದು ಬೈಯುತ್ತಾರೆ.

ಲಕ್ವ ಹೊಡೆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮೊದಲ ದಿನಗಳಲ್ಲಿ ನುಂಗುವ ತೊಂದರೆ ಇರುತ್ತದಂತೆ. ಎಷ್ಟೋ ಜನರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆ ವಾರಗಳನ್ನು ದಾಟಿಸುವುದೇ ಕಷ್ಟ. ಚಮಚ ನೀರಿನ ಆ ಮೊದಲ ಪರೀಕ್ಷೆಗೆ ಹಿಡಿದದ್ದು ಹತ್ತು ನಿಮಿಷ. ಈ ವಿದ್ಯೆ ಕಲಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ಮೈಸೂರಿನಲ್ಲೇ ಇದೆ. ಆದರೂ ನಮ್ಮಂಥ ಊರಿನವರಿಗೆ ಇಂಥದ್ದೊಂದು ಚಿಕಿತ್ಸೆ ಇದೆ ಅಂತಲೇ ಗೊತ್ತಿಲ್ಲ, ಅಲ್ವಾ?

ಆರೋಗ್ಯ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೆ. ಲಕ್ವ ರೋಗಿಯ ಬಾಯಿಗೆ ಮೊದಲ ಗುಟುಕು ನೀರು ಹಾಕುವ ಮುಂಚೆ ನುಂಗುವ ಪರೀಕ್ಷೆ ಆಗಲಿ. ಮನೆಗೆ ಕಳಿಸುವ ಚೀಟಿಯಲ್ಲಿ ಏನು ಕೊಡಬಹುದು, ಏನು ಕೊಡಬಾರದು ಅಂತ ಕನ್ನಡದಲ್ಲಿ ಬರೆದುಕೊಡಿ. ಅಡುಗೆ ಮಾಡುವವರು ಓದುವ ಚೀಟಿ ಅದು.

– ನಿವೃತ್ತ ಶಾಲಾ ಶಿಕ್ಷಕಿ, ಅರಸೀಕೆರೆ