ಹಿಂದಿನ ವಿಂಗ್ ಒಂದನ್ನೇ ಇನ್ನು ಮಾರುವುದಿಲ್ಲ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳಿಂದ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಕಾರುಗಳ ಹಿಂಬದಿಯ ವಿಂಗನ್ನು, ಅಂದರೆ ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆಯನ್ನು, ಬಿಡಿಯಾಗಿ ಮಾರುವುದಿಲ್ಲ. ಮುಂದಿನ ಬಂಪರ್ ಕೆಳಗೆ ಕೂರುವ ಚಪ್ಪಟೆ ಹಲಗೆಯಂಥ ಸ್ಪ್ಲಿಟರ್ ಜೊತೆಗೇ ಕೊಡುತ್ತೇವೆ. ಬೆಲೆ ಜಾಸ್ತಿಯಾಗುತ್ತದೆ. ಹಾಗಾಗಿ ಕಾರಣ ಹೇಳುವುದು ನಮ್ಮ ಕರ್ತವ್ಯ.

ನಮ್ಮಲ್ಲಿ ವಿಂಗ್ ಹಾಕಿಸಿಕೊಂಡ ಕೆಲವರು ಒಂದೇ ಮಾತು ಹೇಳಿದರು. ನಿಧಾನದ ತಿರುವಿನಲ್ಲಿ ಕಾರು ಚೆನ್ನಾಗಿದೆ, ವೇಗದ ತಿರುವಿನಲ್ಲಿ ಮಾತ್ರ ಸ್ಟೀರಿಂಗ್ ತಿರುಗಿಸಿದರೂ ಮೂತಿ ಹೊರಗೇ ಹೋಗುತ್ತದೆ ಅಂತ. ತಪ್ಪು ಅವರ ಡ್ರೈವಿಂಗ್‌ನಲ್ಲಿ ಇರಲಿಲ್ಲ. ವಿಂಗ್ ಒಂದನ್ನೇ ಕೊಟ್ಟ ನಮ್ಮದು.

ಎತ್ತಿನ ಗಾಡಿಗೆ ಹಿಂದೆ ಜಾಸ್ತಿ ಹೇರಿದರೆ ನೊಗ ಮೇಲೇಳುತ್ತದೆ, ಅಲ್ವಾ? ಇಲ್ಲೂ ಅದೇ. ವಿಂಗ್ ಕೂರುವುದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ಎರಡು ಆಕ್ಸಲ್‌ಗಳ ನಡುವೆ 2.5 ಮೀಟರ್, ಹಿಂದಿನ ಆಕ್ಸಲ್‌ನಿಂದ ಅರ್ಧ ಮೀಟರ್ ಹಿಂದೆ ವಿಂಗ್ ಅಂತಿಟ್ಟುಕೊಳ್ಳಿ. ಗಾಳಿ ಅದನ್ನು 100 ಕಿಲೋ ಭಾರದಷ್ಟು ಕೆಳಗೆ ಒತ್ತಿದರೆ, ಹಿಂದಿನ ಚಕ್ರಗಳ ಮೇಲೆ 120 ಕಿಲೋ ಬೀಳುತ್ತದೆ. ಆ 20 ಕಿಲೋ ಮುಂದಿನ ಚಕ್ರಗಳಿಂದ ಕಿತ್ತುಕೊಂಡದ್ದು. ವೇಗ ಎರಡು ಪಟ್ಟಾದರೆ ಇದೆಲ್ಲ ನಾಲ್ಕು ಪಟ್ಟಾಗುತ್ತದೆ. ತಿರುಗಬೇಕಾದ ಚಕ್ರಕ್ಕೇ ಹಿಡಿತ ತಪ್ಪಿದರೆ ಕಾರು ಹೇಗೆ ತಿರುಗೀತು?

ಸ್ಪ್ಲಿಟರ್ ಈ ಕೊರತೆ ತುಂಬುತ್ತದೆ. ಅದರ ಕೆಳಗೆ ಗಾಳಿ ಜೋರಾಗಿ ನುಗ್ಗಿ ಒತ್ತಡ ತಗ್ಗುತ್ತದೆ, ಮೂತಿ ನೆಲಕ್ಕೆ ಒತ್ತಿಕೊಳ್ಳುತ್ತದೆ.

ಇನ್ನೊಂದು ಬದಲಾವಣೆ. ವಿಂಗ್‌ನ ಕೋನ ಹೊಂದಿಸುವ ತೂತುಗಳಲ್ಲಿ ತೀರಾ ಮೇಲಿನದನ್ನು ತೆಗೆದಿದ್ದೇವೆ. "ಇನ್ನೂ ಸ್ವಲ್ಪ ಎತ್ತಿ ಕೊಡಿ" ಅಂತ ಪ್ರೀತಿಯಿಂದ ಕೇಳುವವರಿಗೆ ಇದು ಬೇಸರ ತರಬಹುದು. ಕೋನ ಎತ್ತಿದರೆ ಕೆಳಗೆ ಒತ್ತುವ ಡೌನ್‌ಫೋರ್ಸ್ ಏರುತ್ತದೆ, ನಿಜ. ಆದರೆ ಹಿಂದಕ್ಕೆ ಎಳೆಯುವ ಡ್ರ್ಯಾಗ್ ಅದಕ್ಕಿಂತ ಬೇಗ ಏರುತ್ತದೆ. ಒಂದು ಹಂತ ದಾಟಿದರೆ ವಿಂಗ್ ಅಡಿಯಲ್ಲಿ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಹೋಗುತ್ತದೆ. ಆಮೇಲೆ ಡೌನ್‌ಫೋರ್ಸ್ ಕುಸಿಯುತ್ತದೆ, ಡ್ರ್ಯಾಗ್ ಮಾತ್ರ ಏರುತ್ತಲೇ ಹೋಗುತ್ತದೆ. ವೇಗ ಎರಡು ಪಟ್ಟು ಬೇಕಿದ್ದರೆ ಡ್ರ್ಯಾಗ್ ಮೀರಲು ಎಂಜಿನ್ ಎಂಟು ಪಟ್ಟು ಶಕ್ತಿ ಕೊಡಬೇಕು. ಅದನ್ನು ಸುಮ್ನೆ ಗಾಳಿಗೆ ಸುರಿಯುವುದು ಬೇಡ.

ಬದಲಿಗೆ, ಕೋನ ಎತ್ತದೆಯೇ ಡೌನ್‌ಫೋರ್ಸ್ ಏರಿಸಲು, ವಿಂಗ್‌ನ ಹಿಂದಂಚಿಗೆ ಬಿಗಿಯುವ ಸಣ್ಣ ಪಟ್ಟಿ ಕೊಡುತ್ತೇವೆ. ಅಮೆರಿಕದ ರೇಸರ್ ಡ್ಯಾನ್ ಗರ್ನಿ 1971ರಲ್ಲಿ ರೇಸ್ ಕಾರಿನ ವಿಂಗ್‌ಗೆ ಹಾಕಿ ನೋಡಿದ್ದು ಇದನ್ನೇ. ಇವತ್ತಿಗೂ ಅದಕ್ಕೆ ಗರ್ನಿ ಫ್ಲಾಪ್ ಅಂತಲೇ ಹೆಸರು. ಕೊಯಮತ್ತೂರಿನ 2.1 ಕಿಲೋಮೀಟರಿನ 'ಕರಿ ಮೋಟಾರ್ ಸ್ಪೀಡ್‌ವೇ' ಟ್ರ್ಯಾಕಿಗೆ ಹೋಗುವಾಗ ಹಾಕಿಕೊಳ್ಳಿ. ದೆಹಲಿ ಹತ್ತಿರದ ಬುದ್ಧ ಸರ್ಕ್ಯೂಟ್ ಎಂಬ ರೇಸ್ ಟ್ರ್ಯಾಕಿನಲ್ಲಿ ಒಂದು ಕಿಲೋಮೀಟರ್ ದಾಟುವ ನೇರ ದಾರಿ ಇದೆ. ಅಲ್ಲಿಗೆ ಪಟ್ಟಿ ಬಿಚ್ಚಿ, ಕೋನವನ್ನೂ ಇಳಿಸಿ.

ದಿನಬಳಕೆಯ ಕಾರಿಗೆ ವಿಂಗ್ ಕೇಳಬೇಡಿ, ಹಾಕಿಕೊಡುವುದಿಲ್ಲ. ಊರೊಳಗಿನ ವೇಗದಲ್ಲಿ ಅದರಿಂದ ಪ್ರಯೋಜನವೇ ಇಲ್ಲ, ಹೈವೇಯಲ್ಲಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಈಗಾಗಲೇ ವಿಂಗ್ ಕೊಂಡವರು ದಯವಿಟ್ಟು ಕಾರು ತನ್ನಿ. ಸ್ಪ್ಲಿಟರ್‌ಗೆ ಸಾಮಾನಿನ ಖರ್ಚು ಮಾತ್ರ, ಜೋಡಿಸುವ ಕೂಲಿ ಬೇಡ. ಬರುವಾಗ ಯಾವ ಟ್ರ್ಯಾಕ್, ಯಾವ ತಿರುವಿನಲ್ಲಿ ಮೂತಿ ಹೊರಗೆ ಹೋಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ.

ಇಂತಿ,
ನಿಮ್ಮ ವರ್ಕ್‌ಶಾಪ್ ಬಳಗ