ನವನಗರಕ್ಕೆ ಸೈಕಲ್ ದಾರಿ: ಪಿ.ಬಿ. ರಸ್ತೆ ಬಿಟ್ಟು ನೋಡಿ

ಸಂಪಾದಕರಿಗೆ,

ಮಾನ್ಯರೇ,

ನವನಗರದಿಂದ ಹುಬ್ಬಳ್ಳಿ ಪೇಟೆಗೆ ಸೈಕಲ್ ಮೇಲೆ ಹೋಗಲು ಒಳ್ಳೆಯ ದಾರಿ ಯಾವುದು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಯಲ್ಲಿ ಕೇಳಿದ್ದರು. ಹದಿನೈದು ದಿನ ಕಾದೆ. ಯಾರೂ ಉತ್ತರ ಕೊಡಲಿಲ್ಲ. ಸರಿ, ನಾನೇ ಬರೆಯುತ್ತೇನೆ ಎಂದು ಕೂತೆ.

ನಾನು ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪ್‌ನಲ್ಲಿ 34 ವರ್ಷ ಫಿಟ್ಟರ್ ಆಗಿದ್ದವನು. ಆಗ ಸಂಜೆ ಭೋಂಗಾ (ಸೈರನ್) ಆಯಿತೆಂದರೆ ಗೇಟಿನಿಂದ ಸೈಕಲ್‌ಗಳು ಹಳ್ಳಕ್ಕೆ ನೀರು ಬಂದ ಹಾಗೆ ಬರುತ್ತಿದ್ದವು. ಬಸ್ಸಿನವನೇ ನಿಂತು ನಮಗೆ ದಾರಿ ಬಿಡುತ್ತಿದ್ದ. ನಿವೃತ್ತಿಯಾದ ಮೇಲೆ ಮಗ ನವನಗರದಲ್ಲಿ ಮನೆ ಕಟ್ಟಿಸಿದ. ಮಗಳ ಮನೆ ಕೇಶ್ವಾಪುರದಲ್ಲಿ. ವಾರಕ್ಕೆ ಮೂರು ದಿನ ಮೊಮ್ಮಗಳನ್ನು ನೋಡಲು ಹೋಗುತ್ತೇನೆ, ಅದೇ ಹಳೆಯ ಅಟ್ಲಾಸ್ ಸೈಕಲ್ ಮೇಲೆ. "ಚಿಗರಿ ಬಸ್ ಐತಲ್ರೀ ಮಾವಾರ, ಈ ವಯಸ್ಸಿನ್ಯಾಗ ಯಾಕ ತುಳೀತೀರಿ?" ಎಂದು ಸೊಸೆ ಕೇಳುತ್ತಾಳೆ. ಹುಬ್ಬಳ್ಳಿ-ಧಾರವಾಡ ನಡುವೆ ತನ್ನದೇ ದಾರಿಯಲ್ಲಿ ಓಡುವ ಈ ಚಿಗರಿ ಒಳ್ಳೆಯ ಬಸ್ಸೇ, ನಾನೂ ಹತ್ತುತ್ತೇನೆ. ಆದರೆ ಇಳಿದ ಮೇಲೆ ಕೇಶ್ವಾಪುರಕ್ಕೆ ಮತ್ತೆ ಆಟೊ ಹಿಡಿಯಬೇಕು. ಅದೂ ಅಲ್ಲದೆ ನನ್ನ ಮೊಣಕಾಲು ನಡೆದರೆ ನೋಯುತ್ತದೆ, ತುಳಿದರೆ ಸುಮ್ನಿರುತ್ತದೆ.

ಪಿ.ಬಿ. ರಸ್ತೆ, ಅಂದರೆ ಹುಬ್ಬಳ್ಳಿ-ಧಾರವಾಡ ನಡುವಿನ ದೊಡ್ಡ ರಸ್ತೆ, ಅದರ ಕಥೆ ಎಲ್ಲರಿಗೂ ಗೊತ್ತು. ನಡುವೆ ಚಿಗರಿಯ ದಾರಿ, ಅದಕ್ಕೆ ಕಟಾಂಜನ. ಎರಡೂ ಬದಿ ಉಳಿದವರದು. ಉಳಿದವರು ಎಂದರೆ ಲಾರಿ, ಟೆಂಪೊ, ಕಾರು, ಆಟೊ, ಬೈಕು. ಆಮೇಲೆ ಜಾಗ ಮಿಕ್ಕಿದರೆ ನಾವು. ರಸ್ತೆ ಅಗಲ ಮಾಡುವಾಗ ಮರಗಳೂ ಹೋದವು, ಹಾಗಾಗಿ ಬಿಸಿಲಿಗೆ ನಿಲ್ಲಲು ನೆರಳೂ ಇಲ್ಲ. ಇದನ್ನೆಲ್ಲ ಸಹಿಸಿಕೊಂಡೇ ನಾಲ್ಕು ವರ್ಷ ತುಳಿದೆ. ದಾರಿ ಬದಲಿಸುವಂತೆ ಮಾಡಿದ್ದು ಒಂದು ಚರಂಡಿ ಜಾಲರಿ.

ಹೋದ ವರ್ಷ ನಾಗರ ಪಂಚಮಿಯ ಮರುದಿನ. ಹ್ಯಾಂಡಲ್‌ಗೆ ಕೈಚೀಲ, ಚೀಲದಲ್ಲಿ ಮೊಮ್ಮಗಳಿಗೆಂದು ಶೇಂಗಾ ಉಂಡಿ, ಎಳ್ಳುಂಡಿಯ ಡಬ್ಬಿ. ಹಿಂದಿನಿಂದ ಟೆಂಪೊ ಹಾರ್ನ್ ಬಾರಿಸಿದ. ನಾನು ಅಂಚಿಗೆ ಸರಿದೆ. ಅಂಚಿನಲ್ಲಿ ಮಳೆನೀರು ಇಳಿಯಲು ಹಾಕಿದ ಕಬ್ಬಿಣದ ಜಾಲರಿ. ಅದರ ಪಟ್ಟಿಗಳು ರಸ್ತೆಗೆ ಅಡ್ಡ ಇರಬೇಕು. ಇದರಲ್ಲಿ ರಸ್ತೆಯ ಗುಂಟ ಇದ್ದವು, ನಡುವೆ ಎರಡು ಬೆರಳು ಸಂದು. ಕಾರಿಗೆ, ಬೈಕಿಗೆ ಇದು ಗೊತ್ತೇ ಆಗುವುದಿಲ್ಲ. ಸೈಕಲ್ ಟಾಯರಿಗೆ ಮಾತ್ರ ಅಳತೆ ತೆಗೆದು ಮಾಡಿದ ಹಾಗೆ ಸರಿಯಾಗಿ ಕೂಡುತ್ತದೆ. ಮುಂದಿನ ಗಾಲಿ ಒಳಗೆ ಇಳಿಯಿತು, ನಾನು ಹ್ಯಾಂಡಲ್ ಮೇಲಿಂದ ಮುಂದೆ ಹೋದೆ. ಡಬ್ಬಿಯ ಮುಚ್ಚಳ ಹಾರಿ ಉಂಡಿಗಳು ಪಿ.ಬಿ. ರಸ್ತೆಯ ತುಂಬ ಉರುಳಿದವು. ಟೆಂಪೊದವ ನಿಲ್ಲಲಿಲ್ಲ. ಹಣ್ಣಿನ ಗಾಡಿಯ ಹೆಣ್ಣುಮಗಳೊಬ್ಬಳು ಓಡಿ ಬಂದು ಎಬ್ಬಿಸಿದಳು. ಮೊಣಕೈ ತರಚಿತು, ಮುಂದಿನ ಗಾಲಿಯ ಐದು ಕಡ್ಡಿ ಮುರಿದವು. ಜಾಲರಿಯನ್ನು ಎತ್ತಿ ಕಾಲು ಸುತ್ತು ತಿರುಗಿಸಿ ಕೂಡಿಸಿದ್ದರೆ ಸಾಕಿತ್ತು. 34 ವರ್ಷ ಕಬ್ಬಿಣದ ಜೊತೆ ಬಾಳಿದವನಿಗೆ ಬಿದ್ದ ನೋವಿಗಿಂತ ಅದೇ ಜಾಸ್ತಿ ಚುಚ್ಚಿತು.

ಬೇರೆ ದಾರಿ ಹುಡುಕಲು ಮೊಮ್ಮಗ ಫೋನಿನಲ್ಲಿ ನಕ್ಷೆ ತೆಗೆದ. ಅದು ಹೇಗೆ ಕೇಳಿದರೂ ಪಿ.ಬಿ. ರಸ್ತೆಯನ್ನೇ ತೋರಿಸಿತು. ನಕ್ಷೆಯಲ್ಲಿ ನನಗೆ ಕಂಡಿದ್ದು ಬೇರೆ. ರಸ್ತೆಯಿಂದ ತುಸು ದೂರದಲ್ಲಿ, ಹೆಚ್ಚುಕಡಿಮೆ ಅದರ ಜೊತೆಗೇ, ನಮ್ಮ ರೈಲು ಹಳಿ ಹೋಗುತ್ತದೆ. ಹುಬ್ಬಳ್ಳಿ, ಉಣಕಲ್, ಅಮರಗೋಳ, ನವಲೂರ, ಧಾರವಾಡ. ಧಾರವಾಡ ನಮಗಿಂತ ಎತ್ತರದಲ್ಲಿದೆ, ಆ ಕಡೆ ತುಳಿದವರ ತೊಡೆಗೆ ಅದು ಗೊತ್ತು. ಲೋಡ್ ಎಳೆಯುವ ಇಂಜಿನ್ನಿಗೆ ಏರು ಆಗಿಬರುವುದಿಲ್ಲ, ನೂರು ಅಡಿಗೆ ಒಂದಡಿ ಏರಿದರೂ ಅದಕ್ಕೆ ಭಾರವೇ. ಅದಕ್ಕೇ ನೂರು ವರ್ಷಕ್ಕೂ ಹಿಂದೆ ಹಳಿ ಹಾಕಿದವರು ಏರು ಕಡಿಮೆ ಇರುವ ಜಾಗ ಹುಡುಕಿಯೇ ಹಾಕಿದ್ದಾರೆ. ಮುದುಕನ ಸೈಕಲ್ಲಿಗೂ ಬೇಕಾದ್ದು ಅದೇ. ಹಳಿಗೆ ಹತ್ತಿರ ಇರುವ ಓಣಿಗಳನ್ನು ಹಿಡಿದರೆ ಸಾಕು ಎಂದು ಲೆಕ್ಕ ಹಾಕಿದೆ.

ಹಳಿಗೆ ಹತ್ತಿರ ಎಂದರೆ ಹಳಿಯ ಮೇಲಲ್ಲ, ಅದರ ಪಕ್ಕದ ಜಲ್ಲಿಯ ಮೇಲೂ ಅಲ್ಲ. ರೈಲ್ವೆ ಜಾಗದಲ್ಲಿ ಅಕ್ರಮವಾಗಿ ಓಡಾಡುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ. ಈ ಪತ್ರ ಓದಿ ಯಾರಾದರೂ ಸೈಕಲ್ ಹೊತ್ತುಕೊಂಡು ಹಳಿ ದಾಟಿದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ನಾಲ್ಕು ಭಾನುವಾರ ಹುಡುಕಿದೆ. ಮೂರು ಸಲ ಓಣಿಯ ತುದಿಗೆ ಹೋಗಿ ಯಾರದೋ ಅಂಗಳದಲ್ಲಿ ನಿಂತೆ. ಒಂದು ಕಡೆ ಚಹಾ ಸಿಕ್ಕಿತು, ಇನ್ನೊಂದು ಕಡೆ ನಾಯಿ ಬೆನ್ನು ಹತ್ತಿತು. ಕೊನೆಗೆ ದಾರಿ ತೋರಿಸಿದವನು ಹಾಲಿನವನು, ಗಾಮನಗಟ್ಟಿ ಕಡೆಯಿಂದ ಕ್ಯಾನ್ ಕಟ್ಟಿಕೊಂಡು ಬರುವ ಹುಡುಗ. "ಕಾಕಾ, ದೊಡ್ಡ ರೋಡ್ ಯಾಕ ಹಿಡೀತೀರಿ? ನಾ ಮುಂದ ಹೊಕ್ಕೀನಿ, ನೀವು ಸಾವಕಾಶ ಬರ್ರಿ" ಎಂದ. ಪ್ರತಿ ತಿರುವಿನಲ್ಲೂ ನಿಂತು ಕಾಯುತ್ತಿದ್ದ. ಆವತ್ತು ಅವನ ಗಿರಾಕಿಗಳಿಗೆ ಹಾಲು ತಡವಾಗಿರಬೇಕು.

ಈಗ ನಾನು ಹೋಗುವುದು ಹೀಗೆ. ನವನಗರದ ಒಳಗಿನ ರಸ್ತೆಗಳಲ್ಲೇ ಸಾಗಿ ಭೈರಿದೇವರಕೊಪ್ಪದ ಊರೊಳಗೆ ಹೊಕ್ಕು ಉಣಕಲ್ ಊರಿಗೆ ಬರುತ್ತೇನೆ. ಅಲ್ಲಿ ಚಂದ್ರಮೌಳೇಶ್ವರ ಗುಡಿಯ ಹತ್ತಿರ ಹತ್ತು ನಿಮಿಷ ಕೂರುತ್ತೇನೆ. ಸುಮಾರು 900 ವರ್ಷದ ಹಿಂದಿನ ಚಾಲುಕ್ಯರ ಗುಡಿ ಅದು, ಒಳಗೆ ನಾಲ್ಕು ಮುಖದ ಲಿಂಗವಿದೆ. ಚಿಗರಿಯಲ್ಲಿ ಹೋಗುವವರಿಗೆ ಉಣಕಲ್ ಎಂದರೆ ಬರೀ ಕೆರೆ. ಅಲ್ಲಿಂದ ಮತ್ತೆ ಒಳ ಓಣಿಗಳು, ರಾಜನಗರದ ಕ್ರಿಕೆಟ್ ಮೈದಾನದ ಕಡೆ, ಆಮೇಲೆ ಅಶೋಕನಗರದ ರೈಲ್ವೆ ಸೇತುವೆ, ಕೇಶ್ವಾಪುರ. ಪಿ.ಬಿ. ರಸ್ತೆಗಿಂತ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಆದರೆ ಹಿಂದೆ ತಿರುಗಿ ನೋಡುವ ಕೆಲಸ ಇಲ್ಲ. ದಾರಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಪಿ.ಬಿ. ರಸ್ತೆಯಲ್ಲಿ ನನಗೆ ಹಾರ್ನ್ ಬಿಟ್ಟು ಬೇರೇನೂ ಕೇಳಿದ ನೆನಪಿಲ್ಲ.

ಒಂದೇ ಒಂದು ತುಂಡು ಕೆಟ್ಟದ್ದಿದೆ. ಎರಡು ಬಡಾವಣೆಗಳ ನಡುವೆ ರಸ್ತೆ ಆಗದೆ ಉಳಿದ ಎರಿ ಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ. ಎಷ್ಟು ಉದ್ದ ಎಂದು ಅಳೆದೆ. ನನ್ನದು 28 ಇಂಚಿನ ಗಾಲಿ, ಒಂದು ಸುತ್ತಿಗೆ ಎರಡೂಕಾಲು ಮೀಟರಿಗೆ ತುಸು ಕಡಿಮೆ ಹೋಗುತ್ತದೆ. ಕಡ್ಡಿಗೆ ಕೆಂಪು ಚಿಂದಿ ಕಟ್ಟಿ, ತಳ್ಳಿಕೊಂಡು ಎಣಿಸಿದೆ. 180 ಸುತ್ತು ಬಂತು, ಅಂದರೆ 400 ಮೀಟರ್. ಬೇಸಿಗೆಯಲ್ಲಿ ಅದು ಸಿಮೆಂಟಿನಂಥ ನೆಲ, ಬಿರುಕು ನೋಡಿಕೊಂಡು ಹೋದರೆ ಆಯಿತು. ಮಳೆ ಬಿದ್ದ ಮರುದಿನ ಮಾತ್ರ ಕಾಲಿಡಬೇಡಿ. ಎರಿ ಮಣ್ಣು ಟಾಯರಿಗೆ ಹತ್ತಿ, ಮಡ್‌ಗಾರ್ಡಿನ ಒಳಗೆ ತುಂಬಿ, ಹತ್ತು ಹೆಜ್ಜೆಗೆ ಗಾಲಿ ತಿರುಗುವುದೇ ನಿಲ್ಲುತ್ತದೆ. ಕಡ್ಡಿ ತಗೊಂಡು ಕೆರೆದು ತೆಗೆಯಬೇಕು, ಮತ್ತೆ ಹತ್ತು ಹೆಜ್ಜೆ, ಮತ್ತೆ ಕೆರೆಯಬೇಕು. ಸೈಕಲ್ ನನ್ನನ್ನು ಹೊರುವ ಬದಲು ನಾನೇ ಸೈಕಲ್ ಹೊತ್ತಿದ್ದೇನೆ. ಮಳೆಗಾಲದಲ್ಲಿ ಈಗಲೂ ಆ ತುಂಡಿಗಾಗಿ ಮತ್ತೆ ಪಿ.ಬಿ. ರಸ್ತೆಗೇ ಇಳಿಯುತ್ತೇನೆ, ಹೆದರಿಕೊಂಡೇ.

ಆ 400 ಮೀಟರಿಗೆ ಡಾಂಬರು ಹಾಕಿ ಎಂದು ನಾನು ಕೇಳುತ್ತಿಲ್ಲ. ಡಾಂಬರು ಬಿದ್ದರೆ ಮರುವಾರವೇ ಟಿಪ್ಪರ್‌ಗಳು ಅಲ್ಲಿಗೆ ಬರುತ್ತವೆ, ಅಡ್ಡದಾರಿ ಸಿಕ್ಕಿತು ಎಂದು. ಗರಸು (ಜಲ್ಲಿ ಬೆರೆತ ಮಣ್ಣು) ಹಾಕಿ ರೋಲರ್ ಹೊಡೆಯಿರಿ, ಸಾಕು. ಎರಡೂ ತುದಿಗೆ ಹಳೆಯ ಹಳಿಯ ತುಂಡು ಹುಗಿದು ನಿಲ್ಲಿಸಿ, ನಡುವೆ ಮೂರೂವರೆ ಅಡಿ ಸಂದು ಬಿಡಿ. ಕಾರು ಬರುವುದಿಲ್ಲ. ಬೈಕು ತೂರುತ್ತದೆ, ತೂರಲಿ, ಹಾಲಿನ ಹುಡುಗನೂ ಬರಬೇಕಲ್ಲ. ಇನ್ನು ತಿರುವುಗಳಲ್ಲಿ ಬೋರ್ಡು ಬೇಕು. ಎಣಿಸಿದ್ದೇನೆ, ಹನ್ನೊಂದು ತಿರುವು. ನನ್ನ ಹಾಗೆ ಎಲ್ಲರಿಗೂ ಹಾಲಿನವನು ಸಿಗುವುದಿಲ್ಲ.

ಉಣಕಲ್ ನಾಲಾದ ಗುಂಟ ಸ್ಮಾರ್ಟ್ ಸಿಟಿಯ ಸೈಕಲ್ ದಾರಿ ಇದೆಯಲ್ಲ ಎಂದು ಗೆಳೆಯರು ಹೇಳುತ್ತಾರೆ. ನೋಡಿದ್ದೇನೆ, ಚೆನ್ನಾಗಿದೆ. ಬೆಳಿಗ್ಗೆ ಅಲ್ಲಿ ಅಡ್ಡಾಡುವವರನ್ನು ನೋಡಿದರೆ ಸಂತೋಷವಾಗುತ್ತದೆ. ಆದರೆ ನಾಲಾ ಕೆರೆಯಿಂದ ಪೇಟೆಯ ಕಡೆ ಹರಿಯುತ್ತದೆ. ಕೆರೆಯಿಂದ ಆಚೆ, ಭೈರಿದೇವರಕೊಪ್ಪ, ನವನಗರ, ಅಮರಗೋಳದವರಿಗೆ ಅದರಿಂದ ಏನಾಗಬೇಕು?

ಸೈಕಲ್ ಯಾರು ತುಳಿಯುತ್ತಾರೆ ಈಗ ಎನ್ನುವವರು ಬೆಳಿಗ್ಗೆ ಆರಕ್ಕೆ ಅಮರಗೋಳದ ಎಪಿಎಂಸಿ ಗೇಟಿನ ಹತ್ತಿರ ಬಂದು ನಿಲ್ಲಲಿ. ಹಮಾಲರು ಬರುತ್ತಾರೆ. ಕೆಲವರ ಸೈಕಲ್ ನೋಡಿದರೆ ಶಾಲೆಯದು ಎಂದು ಗುರುತು ಹತ್ತುತ್ತದೆ. 2006-07ರಲ್ಲಿ ಶುರುವಾಗಿ, ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ವರ್ಷ ವರ್ಷ ಕೊಡುತ್ತಿತ್ತಲ್ಲ, ಆ ಸೈಕಲ್. ಒಬ್ಬರನ್ನು ಕೇಳಿದೆ. "ಮಗಳಿಗೆ ಕೊಟ್ಟದ್ರೀ. ಆಕಿ ಲಗ್ನಾಗಿ ಹೋದ್ಲು, ಸೈಕಲ್ ನನಗ ಉಳೀತು" ಎಂದರು. ಮುಂದಿನ ಬುಟ್ಟಿಯಲ್ಲಿ ಬುತ್ತಿ, ಹಿಂದಿನ ಕ್ಯಾರಿಯರಿಗೆ ಹಮಾಲಿ ಕೊಕ್ಕೆ. ಹೆಲ್ಮೆಟ್ ಹಾಕಿ, ಬಣ್ಣದ ಅಂಗಿ ತೊಟ್ಟು ಬರುವ ಸೈಕಲ್ ಸವಾರರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಬರಲಿ. ಇವರ ಫೋಟೊ ಬಂದದ್ದು ನಾನು ನೋಡಿಲ್ಲ.

ಪ್ರಶ್ನೆ ಕೇಳಿದ ಓದುಗರಿಗೆ: ಮೊದಲ ಸಲ ಭಾನುವಾರ ನಸುಕಿನಲ್ಲಿ ಹೋಗಿ, ಮಳೆ ಇಲ್ಲದ ದಿನ ನೋಡಿ. ಪಂಪು ಜೊತೆಗಿರಲಿ, ಎರಿ ಹೊಲದ ಅಂಚಿಗೆ ಜಾಲಿಮುಳ್ಳು ಇರುತ್ತದೆ. ಅಶೋಕನಗರ ಸೇತುವೆಯ ಹತ್ತಿರ ಇಳಿದು ತಳ್ಳಿಕೊಂಡು ಹೋದರೆ ಮಾನ ಹೋಗುವುದಿಲ್ಲ, ನಾನೂ ಹಾಗೇ ಮಾಡುತ್ತೇನೆ.

ಇನ್ನು ಆ ಜಾಲರಿ. ನಾನು ಬಿದ್ದದ್ದು ಒಂದರಲ್ಲಿ. ಆಮೇಲೆ ನೋಡುತ್ತಾ ಹೋದರೆ ಅಂಥವು ಇನ್ನೂ ಏಳು ಕಂಡವು. ಜಾಗ ಬರೆದಿಟ್ಟುಕೊಂಡಿದ್ದೇನೆ. ತಿರುಗಿಸಿ ಕೂಡಿಸಲು ಸಂಬಂಧಪಟ್ಟವರು ಯಾರನ್ನಾದರೂ ಕಳಿಸಿದರೆ ಜೊತೆಗೆ ಬಂದು ತೋರಿಸುತ್ತೇನೆ. ಪಾನಾ, ಸಬ್ಬಲ್ ಎರಡೂ ನನ್ನ ಹತ್ತಿರ ಇವೆ.

ಇಂತಿ,
ಒಬ್ಬ ನಿವೃತ್ತ ಫಿಟ್ಟರ್
ನವನಗರ, ಹುಬ್ಬಳ್ಳಿ