ಪರಮಾಣುವಿನ ಚಿತ್ರದ ಕೆಳಗೆ ಒಂದು ಸಾಲು ಇರಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಈಚೆಗೆ ಪರಮಾಣು ರಚನೆಯನ್ನು ಕುರಿತ ಲೇಖನ ಬಂದಿದ್ದು, ಎಲೆಕ್ಟ್ರಾನ್, ಪ್ರೋಟಾನ್, ನ್ಯೂಟ್ರಾನ್‌ಗಳ ವಿವರಣೆ ಅದರಲ್ಲಿ ಸರಿಯಾಗಿಯೇ ಇದೆ. ನನ್ನ ತಕರಾರು ಜೊತೆಗಿದ್ದ ಚಿತ್ರದ ಬಗ್ಗೆ. ನಡುವೆ ನಿಂಬೆಹಣ್ಣಿನಷ್ಟು ದೊಡ್ಡ ನ್ಯೂಕ್ಲಿಯಸ್, ಅದರ ಸುತ್ತ ಬಳೆಗಳಂತೆ ಮೂರು ಕಕ್ಷೆಗಳು, ಅವುಗಳ ಮೇಲೆ ಮಣಿ ಪೋಣಿಸಿದ ಹಾಗೆ ಎಲೆಕ್ಟ್ರಾನ್‌ಗಳು. ಪಠ್ಯಪುಸ್ತಕಗಳಲ್ಲೂ ಗೋಡೆಯ ಚಾರ್ಟುಗಳಲ್ಲೂ ಇರುವುದು ಇದೇ. ಪ್ರೌಢಶಾಲೆಯಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿದ ನಾನು ಕಂಡಂತೆ, ಮಕ್ಕಳು ಪಾಠವನ್ನು ಮರೆತರೂ ಈ ಚಿತ್ರವನ್ನು ಮರೆಯುವುದಿಲ್ಲ.

ಚಿತ್ರದ ಮೊದಲ ದೋಷ ಅಳತೆಯದು. ಒಮ್ಮೆ ನಾನು ಒಂಬತ್ತನೇ ತರಗತಿಯ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು, ಧ್ವಜಸ್ತಂಭದ ಕಟ್ಟೆಯ ಮೇಲೆ ಎರಡು ಮಿಲಿಮೀಟರಿನ ಒಂದು ಸಾಸಿವೆ ಕಾಳನ್ನಿಟ್ಟು, ಇದು ಹೈಡ್ರೋಜನ್ ಪರಮಾಣುವಿನ ನ್ಯೂಕ್ಲಿಯಸ್, ಅಂದರೆ ಅದರ ಒಂದೇ ಒಂದು ಪ್ರೋಟಾನ್ ಎಂದುಕೊಳ್ಳಿ, ಹಾಗಾದರೆ ಎಲೆಕ್ಟ್ರಾನ್ ಎಷ್ಟು ದೂರದಲ್ಲಿರಬೇಕು ಎಂದು ಕೇಳಿದೆ. ಗೇಣು ಎಂದರು, ಮಾರು ಎಂದರು. ಲೆಕ್ಕದ ಪ್ರಕಾರ ಸುಮಾರು 60 ಮೀಟರ್ ನಡೆದು, ಕಾಂಪೌಂಡಿನ ಗೋಡೆಯ ಹತ್ತಿರ ನಿಂತು ಹಿಂದಿರುಗಿ ನೋಡಿದಾಗ ಕಾಳು ಯಾರ ಕಣ್ಣಿಗೂ ಕಾಣಲಿಲ್ಲ. ಆಗ ಒಬ್ಬ ಹುಡುಗಿ, "ನಡುವೆ ಇರೋದೆಲ್ಲ ಗಾಳಿನಾ ಮಿಸ್?" ಎಂದಳು. ಗಾಳಿಯೂ ಪರಮಾಣುಗಳಿಂದಲೇ ಆದದ್ದು, ಆದ್ದರಿಂದ ಪರಮಾಣುವಿನ ಒಳಗೆ ಗಾಳಿ ಇರಲು ಸಾಧ್ಯವಿಲ್ಲ ಎಂದು ವಿವರಿಸುವಷ್ಟರಲ್ಲಿ ಆ ಪೀರಿಯಡ್ಡೇ ಮುಗಿದಿತ್ತು.

ಈ ಅಳತೆ ಮನಸ್ಸಿಗೆ ಬಾರದಿದ್ದರೆ ರುದರ್‌ಫೋರ್ಡ್ ಅವರ ಪ್ರಯೋಗವೂ ಅರ್ಥವಾಗುವುದಿಲ್ಲ. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅವರ ಪ್ರಯೋಗಾಲಯದ ಗೈಗರ್ ಮತ್ತು ಮಾರ್ಸ್‌ಡೆನ್ ಕತ್ತಲೆ ಕೋಣೆಯಲ್ಲಿ ಕುಳಿತು, ವಿಕಿರಣಶೀಲ ವಸ್ತುವಿನಿಂದ ಚಿಮ್ಮುವ ಆಲ್ಫಾ ಕಣ ಬಡಿದಾಗ ಪರದೆಯ ಮೇಲೆ ಮಿನುಗುವ ಸಣ್ಣ ಕಿಡಿಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಿದರು. ತೆಳುವಾದ ಚಿನ್ನದ ಹಾಳೆಯನ್ನು ಬಹುತೇಕ ಕಣಗಳು ನೇರವಾಗಿ ಹಾದುಹೋದವು; ಸಾವಿರಾರು ಕಣಗಳಲ್ಲಿ ಒಂದೊಂದು ಮಾತ್ರ ಹಿಂದಕ್ಕೆ ಸಿಡಿಯಿತು. ಪರಮಾಣುವಿನ ಹೆಚ್ಚುಕಡಿಮೆ ಎಲ್ಲ ದ್ರವ್ಯರಾಶಿಯೂ ನಡುವಿನ ಅತಿ ಸಣ್ಣ ಜಾಗದಲ್ಲಿ ಅಡಕವಾಗಿದೆ ಎಂದು 1911ರಲ್ಲಿ ರುದರ್‌ಫೋರ್ಡ್ ಹೇಳಿದ್ದು ಈ ಎಣಿಕೆಯ ಬಲದಿಂದ. ನಿಂಬೆಹಣ್ಣಿನ ಗಾತ್ರದ ನ್ಯೂಕ್ಲಿಯಸ್ ನೋಡಿ ಬೆಳೆದ ಮಗುವಿಗೆ, ಅಷ್ಟೊಂದು ಕಣಗಳು ಅದಕ್ಕೆ ತಾಗದೆ ಹೇಗೆ ಪಾರಾದವು ಎಂಬುದು ಒಗಟಾಗಿಯೇ ಉಳಿಯುತ್ತದೆ.

ಎರಡನೆಯ ದೋಷ ಇನ್ನೂ ದೊಡ್ಡದು. ಎಲೆಕ್ಟ್ರಾನ್ ನಿಜಕ್ಕೂ ಗ್ರಹದಂತೆ ಸುತ್ತುತ್ತಿದ್ದರೆ, ಹಳೆಯ ಭೌತಶಾಸ್ತ್ರದ ನಿಯಮದಂತೆ ಅದು ಶಕ್ತಿಯನ್ನು ಹೊರಸೂಸುತ್ತಾ ಕಣ್ಣು ಮಿಟುಕಿಸುವುದರೊಳಗೆ ನ್ಯೂಕ್ಲಿಯಸ್ಸಿಗೆ ಬಿದ್ದುಬಿಡಬೇಕಿತ್ತು. 1913ರಲ್ಲಿ ನೀಲ್ಸ್ ಬೋರ್ ಕೊಟ್ಟ ನಿಗದಿತ ಕಕ್ಷೆಗಳ ಮಾದರಿ ಹೈಡ್ರೋಜನ್ ಹೊರಸೂಸುವ ಬೆಳಕಿನ ಬಣ್ಣದ ರೇಖೆಗಳನ್ನು ಸೊಗಸಾಗಿ ವಿವರಿಸಿತಾದರೂ, ಎರಡು ಎಲೆಕ್ಟ್ರಾನ್‌ಗಳಿರುವ ಹೀಲಿಯಂ ಬಳಿ ಬಂದಾಗ ಸೋತಿತು. 1926ರ ಶ್ರೋಡಿಂಗರ್ ಸಮೀಕರಣದ ನಂತರ ನಾವು ಹೇಳಬಲ್ಲದ್ದು, ಎಲೆಕ್ಟ್ರಾನ್ ಎಲ್ಲಿ ಸಿಗುವ ಸಂಭವ ಎಷ್ಟು ಎಂಬುದನ್ನು ಮಾತ್ರ. ಮೇಲೆ ನಾನು ಹೇಳಿದ 60 ಮೀಟರ್ ಕೂಡ ಆ ಸಂಭವ ಅತಿ ಹೆಚ್ಚಿರುವ ದೂರವೇ ಹೊರತು ಅಲ್ಲೊಂದು ಗೆರೆ ಎಳೆದಿಲ್ಲ. ಪಿಯುಸಿಗೆ ಬಂದ ಮಕ್ಕಳು ಆ ಸಂಭವದ ಹರವನ್ನು ಸೂಚಿಸುವ ಆರ್ಬಿಟಲ್ ಎಂಬ ಪದ ಕೇಳಿ ಕಂಗಾಲಾಗುವುದು ಬುದ್ಧಿ ಸಾಲದೆ ಅಲ್ಲ. ಕಣ್ಣಲ್ಲಿ ನಿಂತಿರುವ ಆ ಬಳೆಗಳನ್ನು ಅಳಿಸಲಾಗದೆ.

ಪ್ರೋಟಾನನ್ನು ಗಟ್ಟಿ ಗೋಲಿಯಂತೆ ಬರೆಯುವುದೂ ಅಷ್ಟೇ. ಅದರೊಳಗೆ ಕ್ವಾರ್ಕ್ ಎಂಬ ಇನ್ನೂ ಮೂಲಭೂತ ಕಣಗಳಿವೆ: ‘ಅಪ್’ ಎಂಬ ಬಗೆಯವು ಎರಡು, ‘ಡೌನ್’ ಎಂಬ ಬಗೆಯದು ಒಂದು. ಪ್ರೋಟಾನ್ ಎಂದಾದರೂ ತಾನಾಗಿ ಕ್ಷಯಿಸುತ್ತದೆಯೇ, ಅಂದರೆ ಒಡೆದು ಬೇರೆ ಕಣಗಳಾಗುತ್ತದೆಯೇ ಎಂದು 1980ರ ದಶಕದಲ್ಲಿ ನಮ್ಮ ಜಿಲ್ಲೆಯ ಕೆಜಿಎಫ್ ಚಿನ್ನದ ಗಣಿಯಲ್ಲೇ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಿಜ್ಞಾನಿಗಳು ಕಾದು ನೋಡಿದ್ದರು. ಹಾಗೆ ಕ್ಷಯಿಸಿದ್ದು ಇಂದಿನವರೆಗೂ ಎಲ್ಲೂ ದೃಢಪಟ್ಟಿಲ್ಲ. ಇಲ್ಲಿನ ಮಕ್ಕಳಿಗೆ ಈ ಸಂಗತಿಯನ್ನು ಯಾರಾದರೂ ಹೇಳಬೇಕು.

ಚಿತ್ರವನ್ನೇ ಕೈಬಿಡಿ ಎಂದು ನಾನು ಕೇಳುತ್ತಿಲ್ಲ, ಎಲೆಕ್ಟ್ರಾನ್‌ಗಳ ಲೆಕ್ಕ ಕಲಿಸಲು ಅದು ಬೇಕು. ಇನ್ನು ಮುಂದೆ ಅದನ್ನು ಅಚ್ಚು ಹಾಕುವಾಗ, "ಇದು ನಿಜವಾದ ಅಳತೆಯ ಚಿತ್ರವಲ್ಲ, ಎಲೆಕ್ಟ್ರಾನ್‌ಗಳು ಹೀಗೆ ಗೆರೆಗಳ ಮೇಲೆ ಸುತ್ತುವುದಿಲ್ಲ" ಎಂಬ ಒಂದು ಸಾಲನ್ನು ಕೆಳಗೆ ಸೇರಿಸಬೇಕೆಂದು ತಮ್ಮನ್ನೂ ಪಠ್ಯಪುಸ್ತಕ ರಚಿಸುವವರನ್ನೂ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ಕೋಲಾರ ಜಿಲ್ಲೆ